ಶ್ರೀರಂಗಪಟ್ಟಣದಿಂದ ಹೋದ ಕಾಗದಗಳು ಇಡಿಯಾಗಿ ಕನ್ನಡಕ್ಕೆ ಬರಲಿ

ರಾಜ್ಯದ ಪತ್ರಾಗಾರ, ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಹಾಗೂ ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳ ಹೊಣೆ ಹೊತ್ತಿರುವ ಮಾನ್ಯರಿಗೆ,

ವಿಷಯ: ಹೆನ್ರಿಯೆಟಾ ಕ್ಲೈವ್ 1800ರಲ್ಲಿ ಮೈಸೂರು ಸೀಮೆಯಿಂದ ಬರೆದ ಕುಟುಂಬದ ಕಾಗದಗಳ ಪ್ರತಿ ತರಿಸಿ, ಶುದ್ಧವಾಗಿ ಸಂಪಾದಿಸಿ, ಕನ್ನಡದಲ್ಲಿ ಪ್ರಕಟಿಸುವ ಬಗ್ಗೆ.

ಮಾನ್ಯರೆ,

ಶ್ರೀರಂಗಪಟ್ಟಣದ ಕೋಟೆ ಬಿದ್ದದ್ದು 1799ರ ಮೇ 4ರಂದು. ಅದಾಗಿ ಹತ್ತು ತಿಂಗಳಿಗೆ, 1800ರ ಮಾರ್ಚಿನಲ್ಲಿ, ಮದ್ರಾಸಿನ ಗವರ್ನರ್ ಎಡ್ವರ್ಡ್ ಕ್ಲೈವನ ಹೆಂಡತಿ ಹೆನ್ರಿಯೆಟಾ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಮದ್ರಾಸಿನಿಂದ ಹೊರಟಳು. ಜೊತೆಗೆ ಮಕ್ಕಳಿಗೆ ಪಾಠ ಹೇಳುತ್ತಿದ್ದ ಇಟಲಿಯ ಚಿತ್ರಗಾರ್ತಿ ಅನ್ನಾ ಟೊನೆಲ್ಲಿ, ಆನೆ, ಎತ್ತು, ಡೇರೆ, ನೂರಾರು ಆಳುಗಳ ದಂಡು. ವೆಲ್ಲೂರು, ರಾಯಕೋಟೆ, ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರು ನೋಡಿ, ಘಟ್ಟ ಇಳಿದು ಕೊಯಮತ್ತೂರು, ತಿರುಚಿನಾಪಳ್ಳಿ, ತಂಜಾವೂರುಗಳನ್ನು ಹಾದು ಅಕ್ಟೋಬರಿನಲ್ಲಿ ಮದ್ರಾಸಿಗೆ ಮರಳಿದಳು. ಈ ಅವಧಿಯಲ್ಲಿ ಮದ್ರಾಸಿನಲ್ಲಿದ್ದ ಗಂಡನಿಗೂ, ಬ್ರಿಟನ್ನಿನಲ್ಲಿದ್ದ ಅಣ್ಣ, ಪೋವಿಸ್‌ನ ಅರ್ಲ್ ಎಂಬ ಪದವಿಯಲ್ಲಿದ್ದ ಜಾರ್ಜ್ ಹರ್ಬರ್ಟ್‌ಗೂ ಆಕೆ ಬರೆದ ಕಾಗದಗಳು ಉಳಿದಿವೆ. ಕುಟುಂಬದ ಕಾಗದಪತ್ರಗಳ ದೊಡ್ಡ ಭಾಗ ಇಂದು ವೇಲ್ಸ್‌ನ ಅಬರಿಸ್ಟ್ವಿತ್ ಊರಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ಆಯ್ದ ಭಾಗಗಳು ಇಂಗ್ಲಿಷಿನಲ್ಲಿ ಅಚ್ಚಾಗಿಯೂ ಇವೆ.

ನಮ್ಮ ನೆಲ ಆಳುವ ಕೈ ಬದಲಾದ ಮರುವರ್ಷವೇ ಇಲ್ಲಿ ಕೂತು, ಸರ್ಕಾರಕ್ಕಲ್ಲ, ಮನೆಯವರಿಗೆ ಬರೆದ ಕಾಗದಗಳಿವು. ಸೇನೆಯ ವರದಿಯಲ್ಲಿ ಸಿಗದ ಎಷ್ಟೋ ಸಂಗತಿ ಇಂಥ ಕಾಗದದಲ್ಲೇ ಸಿಗಬೇಕು. ಆದರೆ ನಾವು ಕಂಡ ಮಟ್ಟಿಗೆ ಕನ್ನಡದಲ್ಲಿ ಇವು ಬಂದಿರುವುದು ತುಣುಕುಗಳಾಗಿ: ಟಿಪ್ಪುವಿನ ಹೆಸರಿರುವ ಎರಡು ಸಾಲು, ಅರಮನೆಯ ಬಗ್ಗೆ ಒಂದು ಸಾಲು. ಯಾರಿಗೆ ಬರೆದದ್ದು, ಯಾವ ದಿನ, ಯಾವ ಊರಿನಿಂದ ಎಂಬುದಿಲ್ಲ. ಒಬ್ಬರು ಎತ್ತಿಕೊಂಡದ್ದನ್ನು ಇನ್ನೊಬ್ಬರು ಎತ್ತಿಕೊಂಡು, ಮೂಲದ ಗುರುತೇ ಅಳಿಸಿಹೋಗಿದೆ. ನಮ್ಮ ದೂರು ಇದರ ಮೇಲೆ.

ಹೆಸರುಗಳಿಂದಲೇ ಶುರುಮಾಡೋಣ. "ಲೇಡಿ ಕ್ಲೈವ್" ಎಂದ ಕೂಡಲೇ ಪ್ಲಾಸಿಯ ರಾಬರ್ಟ್ ಕ್ಲೈವನ ಹೆಂಡತಿ ಎಂದು ಬರೆದುಬಿಡುವುದನ್ನು ನಾವು ಒಂದಕ್ಕಿಂತ ಹೆಚ್ಚು ಕಡೆ ಕಂಡಿದ್ದೇವೆ. ರಾಬರ್ಟ್ ತೀರಿಕೊಂಡದ್ದು 1774ರಲ್ಲಿ. ಅವನ ಹೆಂಡತಿ ಮಾರ್ಗರೆಟ್. ಹೆನ್ರಿಯೆಟಾ ಅವನ ಸೊಸೆ, 1784ರಲ್ಲಿ ಎಡ್ವರ್ಡ್‌ನನ್ನು ಮದುವೆಯಾದವಳು. 1800ರ ಕಾಗದದಲ್ಲಿ "ಲಾರ್ಡ್ ಕ್ಲೈವ್" ಎಂದರೆ ಎಡ್ವರ್ಡ್ ಮಾತ್ರ. ಅದಕ್ಕಿಂತ ತೊಡಕಿನದು "ಲಾರ್ಡ್ ಪೋವಿಸ್". 1801ರ ಜನವರಿಯವರೆಗೆ ಈ ಹೆಸರು ಆಕೆಯ ಅಣ್ಣನದು. ಅವನು ಮದುವೆಯಾಗದೆ ತೀರಿಕೊಂಡು ಆ ಪದವಿ ನಿಂತುಹೋಯಿತು. 1804ರಲ್ಲಿ ಅದೇ ಹೆಸರಿನ ಪದವಿಯನ್ನು ಹೊಸದಾಗಿ ಆಕೆಯ ಗಂಡನಿಗೆ ಕೊಟ್ಟರು. 1839ರಲ್ಲಿ ಗಂಡ ತೀರಿಕೊಂಡ ಮೇಲೆ ಅದು ಹಿರಿಯ ಮಗನದಾಯಿತು. ಒಂದೇ ಹೆಸರು, ಮೂವರು ಮನುಷ್ಯರು. ಹೆಸರುಪಟ್ಟಿಯಲ್ಲಿ "ಲಾರ್ಡ್ ಪೋವಿಸ್" ಎಂದು ಒಂದೇ ನಮೂದು ಹಾಕಿದರೆ ಅಣ್ಣನ ಮಾತು ಗಂಡನ ಬಾಯಿಗೆ ಹೋಗುತ್ತದೆ. ತಾಯಿ ಮತ್ತು ಹಿರಿಯ ಮಗಳಿಬ್ಬರೂ ಹೆನ್ರಿಯೆಟಾ. ತಂದೆ ಮತ್ತು ಹಿರಿಯ ಮಗ ಇಬ್ಬರೂ ಎಡ್ವರ್ಡ್. ಹಿರಿಯ ಮಗಳನ್ನು ಮನೆಯಲ್ಲಿ ಕರೆಯುತ್ತಿದ್ದದ್ದು ಹ್ಯಾರಿ ಎಂದು. ಇದು ತಿಳಿಯದವರು ಅನುವಾದಿಸಿದರೆ ಹುಡುಗಿ ಹುಡುಗನಾಗುತ್ತಾಳೆ. ನಿಜವಾದ ಗಂಡುಮಕ್ಕಳು ಎಡ್ವರ್ಡ್ ಮತ್ತು ರಾಬರ್ಟ್, ತಾಯಿ 1798ರಲ್ಲಿ ಹಡಗು ಹತ್ತಿದಾಗ ಹದಿಮೂರು ಮತ್ತು ಒಂಬತ್ತು ವರ್ಷದವರು, ಓದಿಗೆಂದು ಇಂಗ್ಲೆಂಡಿನಲ್ಲೇ ಉಳಿದರು. ಈಕೆಯ ಪತ್ರವ್ಯವಹಾರಕ್ಕೆಲ್ಲ ಹಿಂದಿರುವ ಒತ್ತಡ ಅದೇ: ಇಬ್ಬರು ಮಕ್ಕಳು ಮಗ್ಗುಲಲ್ಲಿ, ಇಬ್ಬರು ಆರು ತಿಂಗಳ ದೂರದಲ್ಲಿ.

ಇನ್ನು ಕಾಗದವೆಂಬ ವಸ್ತುವನ್ನೇ ನೋಡಿ. ಆ ಕಾಲದಲ್ಲಿ ಬ್ರಿಟನ್ನಿನ ಅಂಚೆಯ ದರ ಹಾಳೆಯ ಲೆಕ್ಕದಲ್ಲಿತ್ತು: ಒಂದು ಹಾಳೆಗೆ ಒಂದು ದರ, ಎರಡಕ್ಕೆ ಎರಡರಷ್ಟು. ಲಕೋಟೆ ಹಾಕಿದರೆ ಅದೂ ಒಂದು ಹಾಳೆ. ಆದ್ದರಿಂದ ಲಕೋಟೆ ಬಳಸುವುದು ಅಪರೂಪ. ಲಾರ್ಡ್‌ಗಳಿಗೆ ಅಂಚೆ ಉಚಿತವಿದ್ದರೂ 1795ರ ಕಾನೂನು ಅದಕ್ಕೆ ಎಣಿಕೆಯ ಮತ್ತು ತೂಕದ ಮಿತಿ ಹಾಕಿತ್ತು. ದೊಡ್ಡ ಹಾಳೆಯೊಂದನ್ನು ನಡುವೆ ಮಡಚಿದರೆ ನಾಲ್ಕು ಪುಟ. ಮೂರು ಪುಟ ತುಂಬ ಬರೆಯುವುದು. ನಾಲ್ಕನೆಯದರ ನಡುಭಾಗವನ್ನು ವಿಳಾಸಕ್ಕೆ ಬಿಟ್ಟು, ಮಡಚಿದಾಗ ಒಳಗೆ ಸೇರುವ ಮೇಲಿನ ಕೆಳಗಿನ ಪಟ್ಟಿಗಳಲ್ಲಿ ಮಿಕ್ಕ ಮಾತು ತುರುಕುವುದು. ಆಮೇಲೆ ಮಡಚಿ, ಒಂದು ಅಂಚನ್ನು ಇನ್ನೊಂದರೊಳಗೆ ಸೇರಿಸಿ, ಅರಗಿನ ಮುದ್ರೆ ಒತ್ತುವುದು.

ಪಡೆದವರು ಅದನ್ನು ಬಿಡಿಸುವಾಗ ಅರಗು ಬಿಡದೆ ಕಾಗದದ ಚೂರೊಂದನ್ನು ಕಿತ್ತುಕೊಂಡು ಬರುತ್ತದೆ. ಹಾಳೆಯನ್ನು ಬಿಚ್ಚಿ ಹರಡಿದರೆ ಆ ತೂತು ಸಾಮಾನ್ಯವಾಗಿ ಮೂರನೆಯ ಪುಟದ ಹೊರ ಅಂಚಿನ ಹತ್ತಿರ ಕಾಣುತ್ತದೆ. ಎರಡು ಮೂರು ಸಾಲುಗಳ ಕೊನೆಯ ಪದಗಳು ಅದರಲ್ಲಿ ಹೋಗಿರುತ್ತವೆ. ಕೆಲವು ಸಲ ಹೋದ ಪದಗಳು ಅರಗಿನ ಬೆನ್ನಿಗೇ ಅಂಟಿಕೊಂಡು, ನಾಲ್ಕನೆಯ ಪುಟದಲ್ಲಿ ಓದಲು ಸಿಗುತ್ತವೆ. ಆದ್ದರಿಂದಲೇ ವಿಳಾಸದ ಪುಟದ ಚಿತ್ರ ತೆಗೆಯದೆ ಬಿಡುವುದು ದೊಡ್ಡ ತಪ್ಪು. ಪಡೆದವರು ಹಿಂಬದಿಯಲ್ಲಿ ಬರೆದುಕೊಂಡ "ಇಂಥ ದಿನ ತಲುಪಿತು, ಇಂಥ ದಿನ ಉತ್ತರಿಸಿದೆ" ಎಂಬ ಟಿಪ್ಪಣಿ ಇರುವುದೂ ಅಲ್ಲೇ. "ಖಾಲಿ ಪುಟ" ಎಂದು ಬಿಟ್ಟ ಪ್ರತಿಗಳಲ್ಲಿ ಹೋಗಿರುವುದು ಈ ಎಲ್ಲ ಸಾಕ್ಷಿ.

ಕಾಗದದ ಒಡಲಲ್ಲೂ ಸಾಕ್ಷಿಯಿದೆ. ರಫ್ತಾಗುವ ಕಾಗದದ ಸುಂಕದಲ್ಲಿ ರಿಯಾಯಿತಿ ಬೇಕಿದ್ದರೆ ನೀರುಗುರುತಿನಲ್ಲಿ (ಹಾಳೆ ತಯಾರಿಸುವಾಗಲೇ ಅದರೊಳಗೆ ಮೂಡಿಸುವ ಗುರುತಿನಲ್ಲಿ) ಇಸವಿ ಇರಬೇಕೆಂದು ಬ್ರಿಟನ್ 1794ರಲ್ಲಿ ಕಾನೂನು ಮಾಡಿತು. ಹೀಗಾಗಿ ಮದ್ರಾಸಿಗೆ ಬಂದ ಇಂಗ್ಲಿಷ್ ಕಾಗದವನ್ನು ಬೆಳಕಿಗೆ ಹಿಡಿದರೆ ಎಷ್ಟೋ ಸಲ ಇಸವಿ ಕಾಣುತ್ತದೆ. ಅಂಥ ಹಾಳೆಯಲ್ಲಿ ಬರೆದ, ದಿನಾಂಕವಿಲ್ಲದ ಪತ್ರ ಆ ಇಸವಿಗಿಂತ ಮುಂಚಿನದಾಗಿರಲು ಸಾಧ್ಯವಿಲ್ಲ. ಮಾಚಿಕಾಯಿ, ಅನ್ನಭೇದಿ, ಜಾಲಿಯ ಅಂಟು ಸೇರಿಸಿ ಮಾಡುತ್ತಿದ್ದ ಆ ಕಾಲದ ಶಾಯಿ ವರ್ಷ ಕಳೆದಂತೆ ಕಂದು ಬಣ್ಣಕ್ಕೆ ತಿರುಗಿ, ಒತ್ತಿ ಬರೆದ ಕಡೆ ಹಾಳೆಯನ್ನೇ ತಿನ್ನುತ್ತದೆ. ತೇವ ತಾಕಿದರೆ ಈ ತಿನ್ನುವಿಕೆ ಬಿರುಸಾಗುತ್ತದೆ. ನಮ್ಮಲ್ಲೂ ಇಂಥ ಶಾಯಿಯ ದಾಖಲೆಗಳಿವೆ, ಆದ್ದರಿಂದ ಇಲ್ಲಿಯೇ ಹೇಳುತ್ತೇವೆ: ಅವನ್ನು ಪ್ಲಾಸ್ಟಿಕ್ಕಿನಲ್ಲಿ ಲ್ಯಾಮಿನೇಟ್ ಮಾಡಬಾರದು, ಅಂಟುಟೇಪು ಹಚ್ಚಬಾರದು, ನೀರಿನ ಗೋಂದಿನಿಂದ ಬೆನ್ನಿಗೆ ಕಾಗದ ಕೂಡಿಸಬಾರದು. ಒಳ್ಳೆಯ ಉದ್ದೇಶದಿಂದಲೇ ಮಾಡಿದ ಇಂಥ ಕೆಲಸದಿಂದ ಹಾಳೆಗಳು ಗೆರೆಗೆರೆಯಾಗಿ ಮುರಿದಿವೆ.

ಎಲ್ಲಕ್ಕಿಂತ ಹೆಚ್ಚು ಎಡವುವುದು ಕಾಲದ ವಿಷಯದಲ್ಲಿ. ಹೆನ್ರಿಯೆಟಾಳ ಪತ್ರವ್ಯವಹಾರ ಎರಡು ಗಡಿಯಾರಗಳ ಮೇಲೆ ನಡೆಯುತ್ತದೆ. ಬೆಂಗಳೂರಿನಿಂದ ಮದ್ರಾಸಿನ ಗಂಡನಿಗೆ ಹೋಗುವ ಕಾಗದವನ್ನು ಟಪಾಲಿನ ಓಟಗಾರರು ದಿನಗಳ ಲೆಕ್ಕದಲ್ಲಿ ಮುಟ್ಟಿಸುತ್ತಿದ್ದರು. ಅಲ್ಲಿ ಪ್ರಶ್ನೆಗೆ ಉತ್ತರ, ಉತ್ತರಕ್ಕೆ ಮರು ಉತ್ತರ ಸಿಗುತ್ತದೆ. ಅಣ್ಣನಿಗೆ ಹೋಗುವ ಕಾಗದ ಮೊದಲು ಮದ್ರಾಸು ಸೇರಬೇಕು. ಅಲ್ಲಿ ಆಗ ಬಂದರು ಕಟ್ಟೆಯಿಲ್ಲ. ಹಡಗು ತೆರೆದ ಕಡಲಲ್ಲಿ ಲಂಗರು ಹಾಕುತ್ತಿತ್ತು, ಮಸೂಲಾ ಎಂಬ, ಹಲಗೆಗಳನ್ನು ಹಗ್ಗದಿಂದ ಹೊಲಿದ ದೋಣಿಗಳು ಅಲೆಗಳನ್ನು ಸೀಳಿ ಟಪಾಲನ್ನು ಹಡಗಿಗೆ ಒಯ್ಯುತ್ತಿದ್ದವು. ಅಕ್ಟೋಬರಿನ ನಡುವಿನಿಂದ ಡಿಸೆಂಬರಿನ ನಡುವಿನವರೆಗೆ ಈಶಾನ್ಯ ಮಾರುತಕ್ಕೆ ಹೆದರಿ ಹಡಗುಗಳು ಆ ತೀರವನ್ನೇ ಬಿಟ್ಟಿರುತ್ತಿದ್ದವು. ಆಫ್ರಿಕದ ತುದಿ ಸುತ್ತಿ ಇಂಗ್ಲೆಂಡ್ ಮುಟ್ಟಲು ಐದಾರು ತಿಂಗಳು. ಫ್ರಾನ್ಸಿನೊಂದಿಗೆ ಯುದ್ಧ ಬೇರೆ. ಹಡಗು ಶತ್ರುವಿಗೆ ಸೆರೆಯಾಗುವಂತಿದ್ದರೆ ಟಪಾಲಿನ ಚೀಲಕ್ಕೆ ಭಾರ ಕಟ್ಟಿ ಕಡಲಿಗೆ ಎಸೆಯುವುದು ರೂಢಿ. ಹಾಗಾಗಿ ಮುಖ್ಯ ಸುದ್ದಿಯನ್ನು ಎರಡು ಹಡಗುಗಳಲ್ಲಿ ಎರಡು ಪ್ರತಿಯಾಗಿ ಕಳಿಸುತ್ತಿದ್ದರು, ಕಾಗದಗಳಿಗೆ ಕ್ರಮಸಂಖ್ಯೆ ಹಾಕುತ್ತಿದ್ದರು. ಒಂದೇ ಸುದ್ದಿಯ ಎರಡು ಪ್ರತಿ ಸಿಕ್ಕಿತೆಂದು ಒಂದನ್ನು ಕೈಬಿಡಬಾರದು. ಎರಡನೆಯದರಲ್ಲಿ ಸೇರಿಸಿದ ಸಾಲು ಮೊದಲನೆಯದರಲ್ಲಿ ಇರುವುದಿಲ್ಲ.

ಇಂಥ ಕಾಗದಗಳನ್ನು ಬರೆದ ದಿನಾಂಕದ ಪ್ರಕಾರ ಮಾತ್ರ ಜೋಡಿಸಿದರೆ ಓದುಗನಿಗೆ ಇಬ್ಬರೂ ಎದುರುಬದುರು ಕೂತು ಮಾತಾಡಿದಂತೆ ಅನ್ನಿಸುತ್ತದೆ. ಅದು ಸುಳ್ಳು. ಅಣ್ಣ ಜಾರ್ಜ್ ತೀರಿಕೊಂಡದ್ದು 1801ರ ಜನವರಿ 16ರಂದು. ಹೆನ್ರಿಯೆಟಾ ಇಂಗ್ಲೆಂಡಿಗೆ ಮರಳಲು ಮದ್ರಾಸಿನಲ್ಲಿ ಹಡಗು ಹತ್ತಿದ್ದು ಅದೇ ವರ್ಷದ ಮಾರ್ಚಿನಲ್ಲಿ. ಅಷ್ಟರೊಳಗೆ ಸಾವಿನ ಸುದ್ದಿ ಅಲ್ಲಿಗೆ ಬರುವಂತಿರಲಿಲ್ಲ. ಲೆಕ್ಕ ಹಾಕಿ ನೋಡಿ: 1800ರ ಆಗಸ್ಟ್ ದಾಟಿದ ಮೇಲೆ ದಕ್ಷಿಣದಿಂದ ಅಣ್ಣನಿಗೆ ಹೊರಟ ಕಾಗದಗಳಲ್ಲಿ ಬಹುಪಾಲು ಅವನ ಕಣ್ಣಿಗೆ ಬೀಳುವ ಸಾಧ್ಯತೆಯೇ ಇರಲಿಲ್ಲ. ಆಕೆ ಬರೆಯುತ್ತಲೇ ಇದ್ದಳು. ಬರೆದ ದಿನ, ಬರೆದ ಊರು, ಯಾವ ಹಡಗು, ತಲುಪಿದ ದಿನ, ಈ ನಾಲ್ಕನ್ನೂ ಪ್ರತಿ ಕಾಗದದ ನೆತ್ತಿಯ ಮೇಲೆ ಅಚ್ಚು ಹಾಕದ ಹೊರತು ಈ ಸಂಗತಿ ಓದುಗನಿಗೆ ತಿಳಿಯುವುದಿಲ್ಲ.

ಈ ಕೆಲಸ ಬ್ರಿಟನ್ನಿನಲ್ಲೇ ಆಗಲಿ, ನಮಗೇಕೆ ಎಂದು ತಾವು ಕೇಳಬಹುದು. ಉತ್ತರ ಊರಿನ ಹೆಸರುಗಳಲ್ಲಿದೆ. ಆ ಕಾಲದ ಮದ್ರಾಸಿನ ಇಂಗ್ಲಿಷಿನಲ್ಲಿ ನಮ್ಮ ಊರುಗಳ ಹೆಸರನ್ನು ಕಿವಿಗೆ ಬಿದ್ದಂತೆ ಬರೆಯುತ್ತಿದ್ದರು. ಶ್ರೀರಂಗಪಟ್ಟಣ "ಸೆರಿಂಗಾಪಟಮ್" ಆದದ್ದು ಎಲ್ಲರಿಗೂ ಗೊತ್ತು. ಡೇರೆ ಹಾಕಿ ಒಂದು ರಾತ್ರಿ ತಂಗಿದ ಸಣ್ಣ ಹಳ್ಳಿಯ ಹೆಸರು ಏನಾಯಿತೆಂದು ಆ ದಾರಿಯಲ್ಲಿ ಓಡಾಡಿದವರೇ ಹೇಳಬೇಕು. ಇದಕ್ಕೊಂದು ಒರೆಗಲ್ಲಿದೆ. ಎತ್ತು, ಡೇರೆ, ಸಾಮಾನಿನೊಂದಿಗೆ ಸಾಗುವ ದಂಡು ದಿನಕ್ಕೆ ಹತ್ತು ಹನ್ನೆರಡು ಮೈಲಿ ದಾಟುವುದು ಕಷ್ಟ. ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಸುಮಾರು 75 ಮೈಲಿ, ಅಂದರೆ ಒಂದು ವಾರದ ಹಾದಿ. ಊಹಿಸಿದ ಊರು ಹಿಂದಿನ ತಂಗುದಾಣದಿಂದ ಇಪ್ಪತ್ತು ಮೈಲಿ ಆಚೆ ಬಿದ್ದರೆ ಊಹೆ ತಪ್ಪಿದೆ. ಈಸ್ಟ್ ಇಂಡಿಯಾ ಕಂಪನಿಗಾಗಿ ಈ ಸೀಮೆಯನ್ನು ಸರ್ವೇ ಮಾಡಿದ ವೈದ್ಯ ಫ್ರಾನ್ಸಿಸ್ ಬುಕನನ್ ಅದೇ 1800ರ ಏಪ್ರಿಲ್ 23ರಂದು ಮದ್ರಾಸು ಬಿಟ್ಟು ಮೈಸೂರು ಸೀಮೆಗೆ ಬಂದವನು. ದಿನದಿನದ ತಂಗುದಾಣಗಳನ್ನು ಬರೆದಿಟ್ಟ ಅವನ ವರದಿ 1807ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾಯಿತು. ಕಾಲಿನ್ ಮೆಕೆಂಜಿಯ ಮೈಸೂರು ಸರ್ವೇಯ ನಕಾಶೆಗಳೂ ಆ ವರ್ಷಗಳವೇ. ಇವೆರಡನ್ನೂ ಕಾಗದಗಳ ಪಕ್ಕದಲ್ಲಿಟ್ಟು, ಇಂದಿನ ಕಂದಾಯ ಗ್ರಾಮಗಳ ಪಟ್ಟಿಗೆ ಹೋಲಿಸಿ ನೋಡುವ ಕೆಲಸ ಕನ್ನಡ ಬಲ್ಲವರಿಂದಲೇ ಆಗಬೇಕು.

ಪದಗಳದೂ ಇದೇ ಕಥೆ. ಆ ಕಾಲದ ದಕ್ಷಿಣದ ಇಂಗ್ಲಿಷಿನಲ್ಲಿ "ಟ್ಯಾಂಕ್" ಎಂದರೆ ತೊಟ್ಟಿಯಲ್ಲ, ಕೆರೆ. "ಟೋಪ್" ನಮ್ಮ ತೋಪು, "ಪೆಟ್ಟಾ" ನಮ್ಮ ಪೇಟೆ, "ಚೌಲ್ಟ್ರಿ" ಛತ್ರ, "ಪಾಲಿಗಾರ್" ಪಾಳೇಗಾರ. ಇವುಗಳಲ್ಲಿ ಹೆಚ್ಚಿನವು ನಮ್ಮ ಕಡೆಯಿಂದಲೇ ಹೋದ ಪದಗಳು; ಅವನ್ನು ನಿಘಂಟು ನೋಡಿ ಅನುವಾದಿಸಿ ಪರದೇಶದ ಪದಗಳನ್ನಾಗಿ ಮಾಡುವುದು ಬೇಡ. ಬೆಂಗಳೂರಿನ ಕೋಟೆ ಬೇರೆ, ಪೇಟೆ ಬೇರೆ. ಎರಡಕ್ಕೂ "ಪಟ್ಟಣ" ಎಂದು ಹಾಕಿದ ಅನುವಾದದಲ್ಲಿ ಆಕೆ ಎಲ್ಲಿದ್ದಳೆಂಬುದೇ ತಿಳಿಯುವುದಿಲ್ಲ.

ಅನುವಾದಕರು ಮೊದಲೇ ತೀರ್ಮಾನಿಸಬೇಕಾದ ಒಂದು ಸಣ್ಣ ವಿಷಯವೂ ಇದೆ. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ಸಂಬೋಧನೆ. ಕನ್ನಡದಲ್ಲಿ ನೀನು, ನೀವು ಬೇರೆ. ಅಣ್ಣನಿಗೆ "ನೀನು", ಗವರ್ನರ್ ಆಗಿರುವ ಗಂಡನಿಗೆ "ನೀವು" ಎಂಬುದು ನಮಗೆ ಸರಿಯೆನಿಸುತ್ತದೆ. ಯಾವುದೇ ಆಗಲಿ, ಅದು ಅನುವಾದಕರ ಆಯ್ಕೆ ಎಂದು ಮುನ್ನುಡಿಯಲ್ಲಿ ತಿಳಿಸಿ, ಕೊನೆಯವರೆಗೆ ಅದನ್ನೇ ಪಾಲಿಸಬೇಕು. ನಡುವೆ ಬದಲಾದರೆ ಗಂಡ ಹೆಂಡಿರ ನಡುವೆ ಇಲ್ಲದ ಮುನಿಸೋ ಸಲಿಗೆಯೋ ಹುಟ್ಟಿಕೊಳ್ಳುತ್ತದೆ.

ಮಗಳ ದಿನಚರಿಯನ್ನು ತಾಯಿಯ ಕಾಗದದೊಂದಿಗೆ ಬೆರೆಸುವುದು ಇನ್ನೊಂದು ರೂಢಿಯಾಗಿಬಿಟ್ಟಿದೆ. ದಿನಚರಿ ಬರೆದ ಕಿರಿಯ ಮಗಳು ಷಾರ್ಲೆಟ್‌ಗೆ ಆ ಪ್ರಯಾಣದ ಬಹುಕಾಲ ಹನ್ನೆರಡು ವರ್ಷ. ಬ್ರಿಟಿಷ್ ಲೈಬ್ರರಿಯಲ್ಲಿ ಟೊನೆಲ್ಲಿಯ ಜಲವರ್ಣ ಚಿತ್ರಗಳೊಂದಿಗೆ ಇರುವುದು ಆ ದಿನಚರಿಯನ್ನು 19ನೇ ಶತಮಾನದಲ್ಲಿ ನಕಲು ಮಾಡಿದ ಪ್ರತಿ. ಅದು ಮೌಲ್ಯದ್ದೇ. ಆದರೆ ಹುಡುಗಿ ಬರೆದು ಆಮೇಲೆ ಇನ್ನೊಂದು ಕೈ ಇಳಿಸಿದ ಮಾತಿಗೂ, ನಲವತ್ತೊಂದರ ಹೆಂಗಸು ಅಂದೇ ಕೂತು ಅಣ್ಣನಿಗೆ ಬರೆದ ಮಾತಿಗೂ ಸಾಕ್ಷಿಯಾಗಿ ಒಂದೇ ತೂಕವಿಲ್ಲ. ಇವನ್ನು ಬೇರೆ ಅಚ್ಚುಮೊಳೆಯಲ್ಲಿ, ಬೇರೆ ಭಾಗದಲ್ಲಿ ಹಾಕಬೇಕು.

ಆಕೆ ಇಲ್ಲಿದ್ದಾಗ ನಡೆಯುತ್ತಿದ್ದದ್ದನ್ನೂ ಓದುಗರ ಮುಂದಿಡಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರನ್ನು 1799ರ ಜೂನ್ 30ರಂದು ಪಟ್ಟಕ್ಕೆ ಕೂರಿಸಿದಾಗ ಅವರಿಗೆ ಐದು ವರ್ಷ ತುಂಬಿರಲಿಲ್ಲ. ಆಡಳಿತ ದಿವಾನ್ ಪೂರ್ಣಯ್ಯನವರ ಕೈಯಲ್ಲಿ. ಟಿಪ್ಪುವಿನ ಮನೆಯವರನ್ನು ವೆಲ್ಲೂರಿನ ಕೋಟೆಗೆ ಸಾಗಿಸಲಾಗಿತ್ತು. ಶ್ರೀರಂಗಪಟ್ಟಣದ ಸೇನೆಯ ಹೊಣೆ ಹೊತ್ತಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಉತ್ತರದಲ್ಲಿ ಕಂಪನಿಯ ವಿರುದ್ಧ ಬಂಡೆದ್ದಿದ್ದ ಧೋಂಡಿಯ ವಾಘ್‌ನ ಬೆನ್ನು ಹತ್ತಿದ್ದ; ಧೋಂಡಿಯ ಸತ್ತದ್ದು 1800ರ ಸೆಪ್ಟೆಂಬರ್ 10ರಂದು. ಅಂದರೆ ಇವು ಶಾಂತಿಕಾಲದ ವಿಹಾರದ ಕಾಗದಗಳಲ್ಲ. ಟಿಪ್ಪುವಿನ ಚೀಟಿಬಟ್ಟೆಯ ಡೇರೆಯೂ ಸಿಂಹಾಸನದ ಚಿನ್ನದ ಹುಲಿತಲೆಗಳಲ್ಲಿ ಒಂದೂ ಇವತ್ತು ವೇಲ್ಸ್‌ನ ಪೋವಿಸ್ ಕೋಟೆಯಲ್ಲಿವೆ. ನಮ್ಮ ಜನ ಅವುಗಳ ಚಿತ್ರ ನೋಡುತ್ತಾರೆ. ಅದೇ ಮನೆತನದ ಹೆಂಗಸು ನಮ್ಮ ಊರುಗಳಲ್ಲಿ ಕೂತು ಬರೆದದ್ದನ್ನು ಓದಲು ಮಾತ್ರ ಅವರಿಗೆ ದಾರಿಯಿಲ್ಲ.

ನಮ್ಮ ಬೇಡಿಕೆಗಳು ಇವು. ಮೊದಲನೆಯದು, 1800ರ ಮಾರ್ಚಿನಿಂದ ಅಕ್ಟೋಬರಿನವರೆಗಿನ ಕಾಗದಗಳ ಚಿತ್ರಪ್ರತಿಯನ್ನು ಪತ್ರಾಗಾರವು ಅಧಿಕೃತವಾಗಿ ಕೇಳಿ ಪಡೆಯಲಿ. 400 ಪಿಪಿಐಗೆ (ಇಂಚಿಗೆ 400 ಚಿತ್ರಬಿಂದು) ಕಡಿಮೆಯಿಲ್ಲದ ಬಣ್ಣದ ಟಿಫ್ ಕಡತಗಳು, ಅಳತೆಪಟ್ಟಿ ಮತ್ತು ಬಣ್ಣಪಟ್ಟಿ ಸಹಿತ, ವಿಳಾಸದ ಪುಟ ಮತ್ತು ಖಾಲಿ ಪುಟ ಬಿಡದೆ. ಮಸುಕಾದ ಕಡೆ ಪಕ್ಕದಿಂದ ಬೆಳಕು ಬಿಟ್ಟು ತೆಗೆದ ಇನ್ನೊಂದು ಚಿತ್ರವೂ ಇರಲಿ. ಕೇಳುವ ಕಾಗದದಲ್ಲೇ ಹಕ್ಕಿನ ವಿಷಯವನ್ನು ಇತ್ಯರ್ಥ ಮಾಡಿಕೊಳ್ಳಬೇಕು. ಬರೆದವರು ಸತ್ತು ಎರಡು ಶತಮಾನವಾಗುತ್ತಾ ಬಂದರೂ, ಹಿಂದೆಂದೂ ಅಚ್ಚಾಗದ ಇಂಥ ಬರಹಗಳ ಮೇಲೆ ಬ್ರಿಟಿಷ್ ಕಾನೂನಿನ ಪ್ರಕಾರ 2039ರ ಕೊನೆಯವರೆಗೆ ಹಕ್ಕುಸ್ವಾಮ್ಯ ಇರುತ್ತದೆ. ಚಿತ್ರ ಕೊಡುವ ಗ್ರಂಥಾಲಯದ ಒಪ್ಪಿಗೆ ಬೇರೆ, ಹಕ್ಕುದಾರರ ಒಪ್ಪಿಗೆ ಬೇರೆ. ಅಚ್ಚು, ಅನುವಾದ, ಅಂತರ್ಜಾಲ, ಮೂರಕ್ಕೂ ಬರಹದಲ್ಲಿ ಒಪ್ಪಿಗೆ ಪಡೆಯದೆ ಕೆಲಸ ಶುರುಮಾಡಿದರೆ ಮುಗಿದ ಪುಸ್ತಕ ಗೋದಾಮಿನಲ್ಲಿ ಕೂರುತ್ತದೆ.

ಎರಡನೆಯದು ಓದು. ಪ್ರತಿ ಕಾಗದವನ್ನು ಇಬ್ಬರು ಬೇರೆಬೇರೆಯಾಗಿ ಇಳಿಸಿ, ಮೂರನೆಯವರು ಎರಡನ್ನೂ ಹೋಲಿಸಲಿ. ಉದ್ದ ಎಸ್ ಅಕ್ಷರವನ್ನು ಎಫ್ ಎಂದು ಓದುವುದು, ಊರಿನ ಹೆಸರಿನಲ್ಲಿ ಯು ಮತ್ತು ಎನ್ ಅದಲುಬದಲಾಗುವುದು ಒಬ್ಬರೇ ಓದಿದಾಗ ಸಿಕ್ಕಿಬೀಳದ ತಪ್ಪುಗಳು. ಹರಿದುಹೋದ ಪದವನ್ನು ಊಹಿಸಿದರೆ ಚೌಕ ಕಂಸದಲ್ಲಿ ಹಾಕಲಿ. ಊಹೆಗೂ ಸಿಗದಿದ್ದರೆ ಜಾಗ ಖಾಲಿ ಬಿಡಲಿ. ಯಂತ್ರ ಓದಿದ ಪಠ್ಯವನ್ನು ಕರಡಾಗಿ ಮಾತ್ರ ಇಟ್ಟುಕೊಳ್ಳಲಿ.

ಮೂರನೆಯದಾಗಿ, ಎಡಪುಟದಲ್ಲಿ ಮೂಲ, ಬಲಪುಟದಲ್ಲಿ ಕನ್ನಡ ಇರುವಂತೆ ಪ್ರಕಟಿಸಲಿ. ಆರಿಸಿ ಕತ್ತರಿಸುವುದು ಬೇಡ. ಮಕ್ಕಳ ಕೆಮ್ಮು, ಸೆಖೆ, ಹಡಗು ಬರಲಿಲ್ಲವೆಂಬ ಕೊರಗು, ಮನೆಗೆ ಕಳಿಸುವ ಕಲ್ಲು ಗಿಡಗಳ ಮಾತು, ಏನಿದ್ದರೂ ಇರಲಿ. ಈಕೆ ಖನಿಜಗಳನ್ನು ಶಿಸ್ತಾಗಿ ಕೂಡಿಹಾಕಿದವಳು. ಆ ಸಂಗ್ರಹ ಕಾರ್ಡಿಫ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಕಲ್ಲಿನ ಬಗ್ಗೆ ಬರೆದ ಸಾಲು ರಾಜಕೀಯದ ಓದುಗನಿಗೆ ಬೇಡವಾಗಬಹುದು, ಭೂವಿಜ್ಞಾನದವನಿಗೆ ಅದೇ ಬೇಕು.

ಎಲ್ಲವೂ ಒಟ್ಟಿಗೆ ಆಗದಿದ್ದರೆ, ರಾಯಕೋಟೆಯಿಂದ ಮೈಸೂರಿನವರೆಗಿನ ಕಾಗದಗಳನ್ನು ಮೊದಲು ಕೈಗೆತ್ತಿಕೊಳ್ಳಿ. ಆ ಭಾಗದ ಊರುಗಳ ಪಟ್ಟಿಯ ಕರಡನ್ನು ಅಚ್ಚಿಗೆ ಮುಂಚೆ ಹೊಸೂರು, ರಾಮನಗರ, ಮಂಡ್ಯ, ಮೈಸೂರು ಭಾಗದ ಸ್ಥಳೀಯ ಇತಿಹಾಸ ಬಲ್ಲವರ ಮುಂದಿಟ್ಟು ತಿದ್ದಿಸಿ. ಆ ತಿದ್ದುವ ಕೆಲಸಕ್ಕೆ ಸಂಬಳ ಕೇಳದೆ ಕೂರಲು ನಾವು ತಯಾರಿದ್ದೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಹಳೆಯ ಕಾಗದಪತ್ರಗಳ ಓದು ಮತ್ತು ಸಂಪಾದನೆಯಲ್ಲಿ ತೊಡಗಿರುವವರು